ಹಡಗು ಹತ್ತುವ ರೈಲು

ಅಂದು ಜೂನ್ ನಾಲ್ಕು, ಲೋಕಸಭೆಯ ಮತ ಎಣಿಕೆಯ ದಿನ. ಚಾಮರಾಜಪೇಟೆಯ ಅಂಗಡಿ ಅಂಗಡಿಯಲ್ಲೂ ಟಿ.ವಿ. ಕೂಗುತ್ತಿತ್ತು. ಯಾರು ಮುಂದೆ, ಯಾರು ಹಿಂದೆ ಎನ್ನುವುದು ಬಿಟ್ಟರೆ ಬೀದಿಯಲ್ಲಿ ಬೇರೆ ಮಾತಿರಲಿಲ್ಲ. ಹನ್ನೊಂದು ಗಂಟೆಯ ಸುಮಾರಿಗೆ ಮುನಿರಾಮಪ್ಪನ ಫೋನ್ ಹೊಡೆದುಕೊಂಡಿತು. ಆ ಕಡೆಯಿಂದ ಮಾತಾಡಿದವನು ಪಕ್ಕದ ಬೀದಿಯ ಫೋಟೊ ಸ್ಟುಡಿಯೊದವನು.

“ಯಜಮಾನ್ರೇ, ನಿಮ್ಮನೆಯವರು ಫೋಟೊ ತೆಗೆಸ್ಕೊಂಡು ಎದ್ರು, ಹಂಗೇ ಕುಸಿದ್ಬಿಟ್ರು. ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡು ಬಂದಿದೀವಿ. ಬೇಗ ಬನ್ನಿ.”

ಚಪ್ಪಲಿ ಮೆಟ್ಟಿದ್ದೂ ಮುನಿರಾಮಪ್ಪನಿಗೆ ಗೊತ್ತಿಲ್ಲ, ಮೂರು ರಸ್ತೆ ದಾಟಿದ್ದೂ ಗೊತ್ತಿಲ್ಲ. ಆಸ್ಪತ್ರೆಯ ಬಾಗಿಲಲ್ಲೇ ಡಾಕ್ಟರು ಅವನ ಹೆಗಲ ಮೇಲೆ ಕೈ ಇಟ್ಟರು. ಆ ಕೈಯ ಭಾರದಲ್ಲೇ ಅವನಿಗೆ ತಿಳಿದುಹೋಯಿತು. ನಲವತ್ತೇಳು ವರ್ಷ ಜೊತೆಯಲ್ಲಿ ಬಾಳಿದ ಅಂಜಿನಮ್ಮ ಹೊರಟುಹೋಗಿದ್ದಳು.

ಅವಳು ಫೋಟೊ ತೆಗೆಸಲು ಹೋದದ್ದು ಇಟಲಿಯ ಸಲುವಾಗಿ. ಪಾಸ್‌ಪೋರ್ಟ್ ಕಚೇರಿಯಲ್ಲಿ ಅವರೇ ಫೋಟೊ ತೆಗೆಯುತ್ತಾರೆ, ಹೊರಗಿನದು ಬೇಡ ಎಂದು ಮೊಮ್ಮಗಳು ಎಷ್ಟು ಹೇಳಿದರೂ ಕೇಳಿರಲಿಲ್ಲ. “ಅಲ್ಲಿ ತೆಗೆದಿದ್ದು ಹತ್ತು ವರ್ಷ ಇರುತ್ತಂತೆ ಕಣೇ. ಮುಖ ಹೆಂಗೆ ಇಟ್ಕೋಬೇಕು ಅಂತ ಒಂದ್ಸಲ ನೋಡ್ಕೊಂಡು ಬಂದ್ಬಿಡ್ತೀನಿ,” ಎಂದು ಹೇಳಿ, ಹಸಿರು ಸೀರೆ ಉಟ್ಟು ಹೊರಟಿದ್ದಳು.

ಇಟಲಿಯ ಮಾತು ಹುಟ್ಟಿದ್ದು ಹೇಗೆ ಎಂದರೆ, ಗಂಡಹೆಂಡಿರ ಒಂದು ಜಗಳದಿಂದ. ಮುನಿರಾಮಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿ ಮೂವತ್ತಾರು ವರ್ಷ ದುಡಿದವನು. ಗುಂತಕಲ್ಲು, ಜೋಲಾರಪೇಟೆ, ಅರಸೀಕೆರೆ ಅಂತ ರೈಲಿನ ಕೊನೆಯ ಡಬ್ಬಿಯಲ್ಲಿ ನಿಂತು ಬಾವುಟ ಬೀಸಿದವನು. ರೈಲಿನ ವಿಷಯದಲ್ಲಿ ಮನೆಯಲ್ಲಿ ಅವನದೇ ಕೊನೆಯ ಮಾತು. ಒಂದು ಸಂಜೆ ಮೊಮ್ಮಗಳು ವಿಶಾಖಾ ತನ್ನ ಫೋನಿನಲ್ಲಿ ಅಜ್ಜಿಗೆ ಒಂದು ವಿಡಿಯೊ ತೋರಿಸಿದಳು. ಸಮುದ್ರದ ದಡದಲ್ಲಿ ಒಂದು ಹಡಗು ಬಾಯಿ ತೆರೆದುಕೊಂಡು ನಿಂತಿದೆ. ಹಡಗಿನ ಹೊಟ್ಟೆಯೊಳಗೂ ಹಳಿ. ಪ್ರಯಾಣಿಕರು ಕೂತಿರುವ ಹಾಗೆಯೇ ರೈಲನ್ನು ತುಂಡು ತುಂಡು ಮಾಡಿ ಒಳಗೆ ತಳ್ಳುತ್ತಾರೆ; ಆಚೆ ದಡದಲ್ಲಿ ಜೋಡಿಸಿ ಮತ್ತೆ ಓಡಿಸುತ್ತಾರೆ. ಬೂಟುಗಾಲಿನ ಆಕಾರದ ಇಟಲಿಯ ತುದಿಯಿಂದ ಸಿಸಿಲಿ ಎನ್ನುವ ದ್ವೀಪಕ್ಕೆ.

“ಏನ್ರೀ, ರೈಲು ಹಡಗು ಹತ್ತುತ್ತಂತೆ!” ಎಂದು ಅಂಜಿನಮ್ಮ ಕೂಗಿದಳು.

“ಕಂಪ್ಯೂಟರ್‌ನಲ್ಲಿ ಮಾಡಿರ್ತಾರೆ. ಹಡಗು ಅಲ್ಲಾಡ್ತಿರುತ್ತೆ, ಹಳಿ ಹೆಂಗೆ ಕೂಡುತ್ತೆ? ಕಿವಿ ಮೇಲೆ ಹೂ ಇಡ್ತಾರೆ ನಿಂಗೆ.”

“ನೀವು ನೋಡಿಲ್ಲ ಅಂದ್ರೆ ಲೋಕದಲ್ಲೇ ಇಲ್ವಾ?”

“ಮೂವತ್ತಾರು ವರ್ಷ ಸರ್ವೀಸು ನಂದು!”

“ಅರಸೀಕೆರೆ ತನಕ,” ಎಂದಳು ಅಂಜಿನಮ್ಮ. ವಿಶಾಖಾ ನಕ್ಕು ನಕ್ಕು ಸೋಫಾದಿಂದ ಜಾರಿದಳು.

ಮುನಿರಾಮಪ್ಪನಿಗೆ ಆ ಮಾತು ಚುಚ್ಚಿತು. ಮಾರನೆಯ ದಿನವೇ ಹಳೆಯ ಇಂಜಿನಿಯರ್ ಸಾಹೇಬರೊಬ್ಬರ ಮನೆಗೆ, ಕುಮಾರ ಪಾರ್ಕಿಗೆ, ಹೋಗಿ ಕೇಳಿಕೊಂಡು ಬಂದ. ಬಂದವನು ನೀರು ಕುಡಿದು ಕುಳಿತ. ಆಮೇಲೆ, “ಹೌದಂತೆ ಕಣೇ. ನೂರು ವರ್ಷಕ್ಕೂ ಮೇಲಾಯ್ತಂತೆ. ದಿನಾ ಹತ್ತಿಸ್ತಾರಂತೆ,” ಎಂದ. ಅವನ ದನಿ ದೇವಸ್ಥಾನದಲ್ಲಿ ಮಾತಾಡುವವನ ಹಾಗಿತ್ತು. ಗೆದ್ದೆ ಎಂದು ಅಂಜಿನಮ್ಮ ಕುಣಿಯಲಿಲ್ಲ. “ಹಂಗಾದ್ರೆ ಹೋಗಿ ನೋಡ್ಬೇಕು,” ಎಂದಳು. ಅಷ್ಟೇ.

ಅಲ್ಲಿಂದಾಚೆ ಊಟದ ಮೇಜಿನ ಮೇಲೆ ಇನ್ನೂರು ಪುಟದ ಒಂದು ನೋಟ್‌ಬುಕ್ ಬಂದು ಕುಳಿತಿತು. ಅಜ್ಜಿ ಹೇಳುವುದು, ಮೊಮ್ಮಗಳು ಫೋನಿನಲ್ಲಿ ಹುಡುಕುವುದು, ಅಜ್ಜಿ ಬರೆದುಕೊಳ್ಳುವುದು. ಸೊಸೆ ಜಯಶೀಲಾ ಹೈಸ್ಕೂಲ್ ಟೀಚರ್. ಅವಳಿಗೆ ರಜೆ ಸಿಗುವುದು ಬೇಸಿಗೆಯಲ್ಲಿ ಮಾತ್ರ. ಆದ್ದರಿಂದ ಮುಂದಿನ ವರ್ಷದ ಮೇ ತಿಂಗಳು ಎಂದು ಗೊತ್ತಾಯಿತು. ಒಂದು ವಾರ, ಐದು ಜನ, ನಾಲ್ಕೇ ಊರು: ಮಿಲಾನ್, ವೆನಿಸ್, ರೋಮ್, ಸಿಸಿಲಿ. ಊರಿಂದ ಊರಿಗೆಲ್ಲ ರೈಲಿನಲ್ಲೇ. ಮಗ ಮುತ್ತುರಾಜ್ ವಿದ್ಯುತ್ ಇಲಾಖೆಯಲ್ಲಿ ಇಂಜಿನಿಯರು. ತಾಯಿಯನ್ನು ರೇಗಿಸುವುದೆಂದರೆ ಅವನಿಗೆ ಬಲು ಖುಷಿ.

“ಅಮ್ಮಾ, ಇಟಲಿಗೆ ಹೋದೋರು ಗೋಪುರ ನೋಡ್ತಾರೆ, ಚರ್ಚ್ ನೋಡ್ತಾರೆ. ನೀನು ಡಬ್ಬಿ ಜೋಡಿಸೋ ಶಂಟಿಂಗ್ ನೋಡೋಕೆ ಹೋಗ್ತೀಯಲ್ಲ!”

“ಗೋಪುರ ನಮ್ಮಲ್ಲೂ ಐತೆ ಕಣೋ. ಹಡಗು ಹತ್ತೋ ರೈಲು ಐತಾ, ಹೇಳು.”

ಅಂಥವಳು ಹೋಗಿಬಿಟ್ಟಳು. ಮೂರನೆಯ ದಿನ ಹಾಲು ತುಪ್ಪ ಬಿಟ್ಟರು. ಹನ್ನೊಂದನೆಯ ದಿನ ಗವಿಪುರದ ದಾಸಯ್ಯ ಶೀನಣ್ಣ ಬಂದು ಶಂಖ ಊದಿ, ಜಾಗಟೆ ಬಾರಿಸಿ ಕರ್ಮ ಮುಗಿಸಿಕೊಟ್ಟ. ಆ ಕುಟುಂಬದ ಮೂರು ತಲೆಮಾರಿನವರಿಗೆ ಅವನ ಮನೆಯವರೇ ಎಡೆ ಇಡಿಸುತ್ತ ಬಂದವರು. ಸ್ಟುಡಿಯೊದಲ್ಲಿ ತೆಗೆಸಿದ ಫೋಟೊವನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದರು. ನಗಬಾರದು ಎಂದು ಸ್ಟುಡಿಯೊದವನು ಹೇಳಿದ್ದನಂತೆ. ತುಟಿ ಬಿಗಿದಿದ್ದರೂ ಕಣ್ಣು ನಗುತ್ತಿತ್ತು. ಇಟಲಿಯ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ನೋಟ್‌ಬುಕ್ ಫ್ರಿಜ್ಜಿನ ಮೇಲೆ ಧೂಳು ಹಿಡಿಯಿತು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ವಿಶಾಖಾ ಅದನ್ನು ತಂದು ಮುನಿರಾಮಪ್ಪನ ತೊಡೆಯ ಮೇಲಿಟ್ಟಳು. “ತಾತ, ನೀನೊಂದ್ಸಲ ಓದು. ಆಮೇಲೆ ಬೇಡ ಅಂದ್ರೆ ಬೇಡ.”

ಮುನಿರಾಮಪ್ಪ ಕನ್ನಡಕ ಏರಿಸಿಕೊಂಡು ತೆರೆದ. ಏಳನೇ ಕ್ಲಾಸ್ ಓದಿದವಳ ಗುಂಡು ಗುಂಡು ಅಕ್ಷರ. ಅವನು ತನ್ನ ಕಾಲದಲ್ಲಿ ಎಷ್ಟೋ ವೇಳಾಪಟ್ಟಿ ನೋಡಿದವನು, ತಪ್ಪು ಹುಡುಕುವ ಕಣ್ಣಿನಿಂದಲೇ ಓದತೊಡಗಿದ. ಎರಡು ಪುಟ ತಿರುಗಿಸುವುದರೊಳಗೆ ಆ ಕಣ್ಣು ಸೋತಿತು. ಯಾವ ರೈಲು, ಎಷ್ಟು ಹೊತ್ತಿಗೆ, ಎಷ್ಟು ಸ್ಟೇಷನ್ ಎಂಬುದು ಇರಲಿ. ಯಾವ ಕಡೆಯ ಕಿಟಕಿಯಲ್ಲಿ ಕೂತರೆ ಸಮುದ್ರ ಕಾಣುತ್ತದೆ ಎಂದು ಬರೆದಿದ್ದಳು. ಅವನ ಸಕ್ಕರೆ ಕಾಯಿಲೆಯ ಮಾತ್ರೆಯ ಹೊತ್ತು ಬರೆದಿದ್ದಳು. ಯಾವ ಸ್ಟೇಷನ್ನಿನಲ್ಲಿ ಮೆಟ್ಟಿಲು ಹೆಚ್ಚು, ಮಂಡಿ ನೋವಿನವರು ಯಾವ ಕಡೆಯಿಂದ ಬರಬೇಕು ಎಂದು ಬರೆದಿದ್ದಳು. ಮತ್ತೆ ರೈಲು ಹತ್ತುವ ಪ್ರತಿಯೊಂದು ಜಾಗದಲ್ಲೂ ಕೆಂಪು ಶಾಯಿಯಲ್ಲಿ ಒಂದು ಸಾಲು: “ಇಲ್ಲಿ ಇಪ್ಪತ್ತೈದು ನಿಮಿಷ ಜಾಸ್ತಿ. ಅವರು ಕೊನೇ ಡಬ್ಬಿ ನೋಡಿ ಬರಬೇಕು.”

ಮುನಿರಾಮಪ್ಪನ ಕೈ ಅಲ್ಲೇ ನಿಂತಿತು. ಕೊನೆಯ ಡಬ್ಬಿಯನ್ನು ಕಣ್ಣಾರೆ ನೋಡದೆ ರೈಲು ಹೊರಡಿಸಬಾರದು. ಅದು ಗಾರ್ಡಿನ ಕೆಲಸ. ನಿವೃತ್ತನಾದ ಮೇಲೂ ಅವನನ್ನು ಆ ಚಾಳಿ ಬಿಟ್ಟಿರಲಿಲ್ಲ. ಕಾಶಿಗೆ ಹೋಗಲಿ, ರಾಮೇಶ್ವರಕ್ಕೆ ಹೋಗಲಿ, ಹೆಂಡತಿ ಮಕ್ಕಳನ್ನು ಕೂರಿಸಿ ತಾನು ಪ್ಲಾಟ್‌ಫಾರಂ ಉದ್ದಕ್ಕೂ ನಡೆದು ಹಿಂದಿನ ಡಬ್ಬಿ ನೋಡಿಯೇ ಬರುತ್ತಿದ್ದ. ಅಂಜಿನಮ್ಮ ಕಿಟಕಿಯಿಂದ ತಲೆ ಹಾಕಿ, “ರೈಲು ಬಿಟ್ರೆ ನಿಮ್ಮಪ್ಪನ್ನ ಇಲ್ಲೇ ಬಿಟ್ಟು ಹೋಗೋದೇಯ!” ಎಂದು ಮಗನ ಹತ್ತಿರ ಬೈಯುತ್ತಿದ್ದಳು. ಬೈದುಕೊಂಡೇ ಇಷ್ಟನ್ನೂ ಕಂಡಿದ್ದಳು. ಮಿಲಾನಿನಲ್ಲಿ, ವೆನಿಸ್ಸಿನಲ್ಲಿ, ತಾನು ಕಾಣದ ಊರುಗಳ ಪ್ಲಾಟ್‌ಫಾರಂಗಳಲ್ಲಿ ಗಂಡನ ಹೆಜ್ಜೆಗೆಂದು ಹೊತ್ತು ತೆಗೆದಿಟ್ಟಿದ್ದಳು. ಇಷ್ಟು ದೊಡ್ಡ ಮನಸ್ಸಿನ ಪಕ್ಕದಲ್ಲಿ ಇಷ್ಟು ವರ್ಷ ಕೂತು ಉಂಡೆನಲ್ಲ, ಕಾಣಲಿಲ್ಲವಲ್ಲ ಎಂದು ಅವನಿಗೆ ಅನಿಸಿತು. ಪುಸ್ತಕವನ್ನು ಎರಡೂ ಕಣ್ಣಿಗೆ ಒತ್ತಿಕೊಂಡ.

“ಹೋಗೋಣ ಕಣಮ್ಮ,” ಎಂದ.

ಟಿಕೆಟ್ ಮಾಡಿಸುವಾಗ ಮುತ್ತುರಾಜ್ ಕೇಳಿದ, “ಅಪ್ಪಾ, ಅಮ್ಮನ ವರ್ಷದ ತಿಥಿ ಯಾವಾಗ ಬರುತ್ತೆ? ಅದು ಬಿಟ್ಟು ಮಾಡಿಸ್ತೀನಿ.”

“ಅದೇನೋ ಕೇಳೋದು, ಜೂನ್ ನಾಲ್ಕು. ಮರೆಯೋ ತಾರೀಕಾ ಅದು?”

ಅವರು ಮರೆತರೂ ದೇಶ ಮರೆಯದ ತಾರೀಕು. ಹಾಗಾಗಿ ಯಾರೂ ಮತ್ತೆ ಯೋಚಿಸಲಿಲ್ಲ. ಮೇ ಇಪ್ಪತ್ತಕ್ಕೆ ಹೊರಟು ಇಪ್ಪತ್ತೆಂಟಕ್ಕೆ ಮನೆ ಸೇರುವುದು, ವಾರ ಬಿಟ್ಟು ತಿಥಿ ಮಾಡುವುದು ಎಂದು ಮಾತಾಯಿತು. ವೀಸಾ ಬಂತು. ವಿಮಾನ, ರೈಲು, ಹೋಟೆಲು ಎಲ್ಲ ಗಟ್ಟಿಯಾಯಿತು.

ಹೊರಡುವುದಕ್ಕೆ ಹತ್ತು ದಿನ ಇರುವಾಗ, ತಿಥಿಗೆ ಏನೇನು ಬೇಕು ಎಂದು ಪಟ್ಟಿ ಹೇಳಲು ಶೀನಣ್ಣ ಮನೆಗೆ ಬಂದ. ವೈಯಾಲಿಕಾವಲ್‌ನಿಂದ ಮುನಿರಾಮಪ್ಪನ ಅಕ್ಕ ಸುಂದರಮ್ಮನೂ ಬಂದಿದ್ದಳು. ಎಪ್ಪತ್ತಾರು ವರ್ಷ, ಬಾಯಿ ಮಾತ್ರ ಇನ್ನೂ ಮೊನಚು. ಇಟಲಿಯ ಹೆಸರು ಕೇಳಿದರೆ ಅವಳಿಗೆ ಆಗುತ್ತಿರಲಿಲ್ಲ. ಅಂಜಿನಮ್ಮ ಇದ್ದಾಗಲೂ, “ಅತ್ತಿಗೆ ಮಾತು ಯಾರು ಕೇಳ್ತಾರೆ, ವಯಸ್ಸಾದ ಮೇಲೆ ಹಾರಾಟ ಜಾಸ್ತಿ,” ಎಂದು ಅಂದು ಆಡಿ, ಇಬ್ಬರಿಗೂ ಒಂದಷ್ಟು ದಿನ ಮಾತು ನಿಂತಿತ್ತು.

ಶೀನಣ್ಣ ಪಂಚಾಂಗ ಬಿಚ್ಚಿ ಬೆರಳು ಮಡಚಿ ಎಣಿಸಿದ. ಮತ್ತೊಮ್ಮೆ ಎಣಿಸಿದ.

“ಮುನಿರಾಮಪ್ನೋರೆ, ಅವ್ರು ಹೋಗಿದ್ದು ವೈಶಾಖ ಬಹುಳ ತ್ರಯೋದಶಿ. ಈ ವರ್ಷ ಅದು ಮೇ ಇಪ್ಪತ್ತೈದಕ್ಕೇ ಬರುತ್ತೆ.”

“ಜೂನ್ ನಾಲ್ಕು ಅಲ್ವಾ?” ಎಂದ ಮುನಿರಾಮಪ್ಪ.

“ಅದು ಗೋಡೆ ಕ್ಯಾಲೆಂಡರು ಸ್ವಾಮಿ. ತಿಥಿ ಚಂದ್ರನ ಲೆಕ್ಕ. ಹತ್ತು ದಿನ ಹಿಂದಕ್ಕೆ ಬಂದ್ಬಿಡುತ್ತೆ.”

ಸುಂದರಮ್ಮ ಹಣೆ ಚಚ್ಚಿಕೊಂಡಳು. “ಲೋ ಮುನಿರಾಮ, ಇಂಗ್ಲಿಷ್ ತಾರೀಕು ನೋಡ್ಕೊಂಡು ಯಾವ ಹಿರಿಯರು ಎಡೆಗೆ ಬರ್ತಾರೋ? ಓಟು ಎಣಿಸೋರು ಬರ್ತಾರೆ! ಅಪ್ಪಂದು, ಅವ್ವಂದು ಇಷ್ಟು ತಿಥಿ ಮಾಡಿದೀಯ, ಇಷ್ಟೂ ತಿಳೀಲಿಲ್ವಾ ನಿಂಗೆ?”

ತಿಳಿದಿತ್ತು. ಅಪ್ಪ ಅವ್ವನ ತಿಥಿಯ ದಿನ ನೆನಪಿಡುತ್ತಿದ್ದವಳು ಅಂಜಿನಮ್ಮ. ಅವಳು ಹೇಳಿದ ದಿನ ಅವನು ಸ್ನಾನ ಮಾಡಿ ಬಂದು ಕೂರುತ್ತಿದ್ದ, ಅಷ್ಟೇ.

ವಿಶಾಖಾ ನೋಟ್‌ಬುಕ್ ತೆರೆದು ನೋಡಿ ಬಿಳುಚಿಕೊಂಡಳು. “ಇಪ್ಪತ್ತೈದನೇ ತಾರೀಕೇ ತಾತ, ರೈಲು ಹಡಗು ಹತ್ತೋ ದಿನ.”

ಮುತ್ತುರಾಜ್ ಎದ್ದು ಅತ್ತಿತ್ತ ತಿರುಗಾಡಿದ. ಟಿಕೆಟ್ ಮುಂದಕ್ಕೆ ಹಾಕಿದರೆ ವೀಸಾದ ದಿನ ಮುಗಿಯುತ್ತದೆ, ಜಯಶೀಲಾಳ ಶಾಲೆ ತೆರೆಯುತ್ತದೆ. “ಶೀನಣ್ಣ, ನಾವು ಹೊರಡೋಕೆ ಮುಂಚೇನೇ ಎಡೆ ಇಟ್ಬಿಡೋಣ್ವಾ? ಎಷ್ಟೋ ಜನ ಅನುಕೂಲ ನೋಡ್ಕೊಂಡು ಭಾನುವಾರ ಮಾಡ್ತಾರೆ.”

ಶೀನಣ್ಣ ಬಾಯಿ ತೆರೆಯುವ ಮೊದಲೇ ಮುನಿರಾಮಪ್ಪ ಹೇಳಿದ, “ಬೇಡ. ರೈಲು ತಡವಾಗಿ ಹೊರಡಬಹುದು, ಹೇಳಿದ ಹೊತ್ತಿಗೆ ಮುಂಚೆ ಹೊರಡೋ ಹಾಗಿಲ್ಲ. ಹತ್ತೋರು ಇನ್ನೂ ಬಂದೇ ಇರಲ್ಲ. ಅವಳು ಬರೋದು ಇಪ್ಪತ್ತೈದಕ್ಕೆ. ಮೊದಲನೇ ವರ್ಷ. ಬಂದಾಗ ಬಾಗಿಲಲ್ಲಿ ಯಾರೂ ಇಲ್ಲ ಅಂದ್ರೆ ಹೆಂಗೆ? ನೀವು ನಾಲ್ಕು ಜನ… ಅಲ್ಲ, ಮೂರು ಜನ ಹೋಗಿ ಬನ್ನಿ. ನಾನು ಇರ್ತೀನಿ.”

“ಮಾವ, ನೀವಿಲ್ದೆ ನಾವು ಹೆಂಗೆ ಹೋಗೋದು?” ಎಂದಳು ಜಯಶೀಲಾ. ವಿಶಾಖಾ ಎದ್ದು ಒಳಕ್ಕೆ ಹೋದಳು. “ಈಗ ಸರಿಯಾಗಿ ಮಾತಾಡ್ದೆ ನೋಡು,” ಎಂದು ಸುಂದರಮ್ಮ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

ಹೇಳಿಬಿಟ್ಟದ್ದೇನೋ ಆಯಿತು. ಆದರೆ ಮುನಿರಾಮಪ್ಪನಿಗೆ ಅನ್ನ ಸೇರದಾಯಿತು. ಇಲ್ಲಿ ನಿಂತರೆ ಅವಳು ಅವನಿಗೆಂದು ತೆಗೆದಿಟ್ಟ ಹೊತ್ತೆಲ್ಲ ದೂರದ ಪ್ಲಾಟ್‌ಫಾರಂಗಳಲ್ಲಿ ಯಾರೂ ನಡೆಯದೆ ಖಾಲಿ ಬೀಳುತ್ತದೆ. ಹೋದರೆ, ವರ್ಷ ತುಂಬಿದ ದಿನ ಅವಳು ಹಸಿದು ಬಂದು ಮುಚ್ಚಿದ ಬಾಗಿಲು ನೋಡುತ್ತಾಳೆ. ಎರಡೂ ಅವಳಿಗೇ ಮಾಡುವ ದ್ರೋಹ. ಶನಿವಾರ ಕೋಟೆ ವೆಂಕಟರಮಣನ ಗುಡಿಗೆ ಹೋಗಿ ಕೈಮುಗಿದು ನಿಂತ. “ನನಗೆ ಗೊತ್ತಾಗ್ತಿಲ್ಲ ತಂದೆ. ನೀನೇ ದಾರಿ ತೋರಿಸು,” ಎಂದ. ತೀರ್ಥ ತೆಗೆದುಕೊಂಡು ಹೊರಗೆ ಬಂದರೆ ವಿಶಾಖಾ ಸ್ಕೂಟರ್ ನಿಲ್ಲಿಸಿಕೊಂಡು ಕಾದಿದ್ದಳು.

“ಹತ್ತು ತಾತ. ಶೀನಣ್ಣನ ಮನೆಗೆ ಹೋಗೋಣ. ಅವತ್ತು ನೀವೆಲ್ಲ ಮಾತಾಡಿದ್ರಿ, ಅವರನ್ನ ಯಾರೂ ಮಾತಾಡೋಕೇ ಬಿಡ್ಲಿಲ್ಲ.”

ಹೌದಲ್ಲ ಎನಿಸಿತು ಮುನಿರಾಮಪ್ಪನಿಗೆ.

ಗವಿಪುರದ ತನ್ನ ಮನೆಯ ಜಗಲಿಯ ಮೇಲೆ ಶೀನಣ್ಣ ಹುಣಿಸೆಹಣ್ಣು ಹಾಕಿ ಜಾಗಟೆ ಉಜ್ಜುತ್ತಿದ್ದ. ಇವರ ಮಾತನ್ನೆಲ್ಲ ಕೇಳಿ, ಕೈ ತೊಳೆದುಕೊಂಡು ಬಂದು ಕೂತ.

“ನಮ್ಮಪ್ಪ ಹೇಳ್ತಿದ್ರು ಮುನಿರಾಮಪ್ನೋರೆ. ಹಿರಿಯರಿಗೆ ಬೇಕಾಗಿರೋದು ಮೂರು. ದಕ್ಷಿಣದ ದಿಕ್ಕು, ಕೈಯಲ್ಲಿ ನೀರು, ಹೆಸರು ಹಿಡಿದು ಕರೆಯೋ ಬಾಯಿ. ಮಿಕ್ಕ ವಡೆ ಪಾಯಸ ಎಲ್ಲ ನಮ್ಮ ಪ್ರೀತಿ. ಮನೇಲಿ ಎಡೆ ಇಡೋಕೆ ನಿಮ್ಮ ವಂಶದಲ್ಲಿ ಹುಟ್ಟಿದೋರು ಒಬ್ರು ಇದ್ರೆ ಸಾಕು, ನಾನು ನಿಂತು ಮಾಡಿಸ್ತೀನಿ. ನಿಮ್ಮ ಕೈನೀರು ಮಾತ್ರ ನೀವು ಎಲ್ಲಿದ್ರೂ ಬಿಡ್ಲೇಬೇಕು. ಅವತ್ತು ನೀವು ಯಾವ ದಿಕ್ಕಿಗೆ ಹೋಗ್ತಿರ್ತೀರಿ?”

ಮುನಿರಾಮಪ್ಪನಿಗೆ ಗೊತ್ತಿರಲಿಲ್ಲ. ವಿಶಾಖಾ ಫೋನಿನಲ್ಲಿ ನಕ್ಷೆ ತೆಗೆದು ಮೂವರ ನಡುವೆ ಜಗಲಿಯ ಮೇಲಿಟ್ಟಳು. ರೋಮಿನ ಮೇಲೆ ಬೆರಳಿಟ್ಟು ಕೆಳಕ್ಕೆ ಎಳೆಯುತ್ತಾ ಹೋದಳು. “ಬೆಳಿಗ್ಗೆ ಇಲ್ಲಿ ಹತ್ತೋದು. ಹಿಂಗೇ ಬರುತ್ತೆ… ಬಲಗಡೆ ಪೂರ್ತಿ ಸಮುದ್ರ… ಇನ್ನೂ ಕೆಳಗೆ… ಇನ್ನೂ ಕೆಳಗೆ…” ಅವಳ ದನಿ ಸಣ್ಣದಾಯಿತು. “ತಾತ. ದಿನವೆಲ್ಲ ದಕ್ಷಿಣಕ್ಕೇ.”

ಮುನಿರಾಮಪ್ಪ ಬಗ್ಗಿ ನೋಡಿದ.

“ಇಲ್ಲಿ ಎಡೆ ಇಡೋ ಹೊತ್ತಿಗೆ ಅಲ್ಲಿ ಬೆಳಿಗ್ಗೆ ಒಂಬತ್ತು ಗಂಟೆ. ಆಗಲೂ ದಕ್ಷಿಣಕ್ಕೇ ಹೋಗ್ತಿರ್ತೀವಿ. ಆಮೇಲೆ ಹಡಗು. ರೈಲು ಹಡಗಿನೊಳಗೆ ನಿಂತ ಮೇಲೆ ಜನ ಇಳಿದು ಮೇಲಕ್ಕೆ ಹತ್ತಬಹುದು. ಅಲ್ಲಿ ನಿಂತು ದಕ್ಷಿಣಕ್ಕೆ ತಿರುಗಿದ್ರೆ…” ಎಂದು ಬೆರಳನ್ನು ಆ ಕಿರಿದಾದ ಜಲಸಂಧಿಯಿಂದ ಕೆಳಗೆ ಸರಿಸಿದಳು. ಎರಡು ದಡಗಳೂ ಪಕ್ಕಕ್ಕೆ ಸರಿದವು. ಮುಂದೆ ನೆಲವಿಲ್ಲ, ಊರಿಲ್ಲ. ಫೋನಿನ ತುಂಬ ನೀಲಿ ತುಂಬಿಕೊಂಡಿತು. “ಬರೀ ನೀರೇ ತಾತ.”

ಏಳನೇ ಕ್ಲಾಸ್ ಓದಿದ ಹೆಂಗಸು, ಊಟದ ಮೇಜಿನ ಮುಂದೆ ಕೂತು, ಒಂದು ಆಸೆಗೆಂದು ದಾರಿ ಬರೆದಿದ್ದಳು. ಆ ದಾರಿ ತಾನೇ ಹೋಗಿ ಹಿರಿಯರ ದಿಕ್ಕಿಗೆ ಸೇರಿತ್ತು. ಅವಳ ದಿನಕ್ಕೇ ಸೇರಿತ್ತು. ತುದಿಯಲ್ಲಿ ಕೈನೀರು ಬಿಡಲು ಸಮುದ್ರವನ್ನೇ ಇಟ್ಟುಕೊಂಡು ಕಾದಿತ್ತು. ಶೀನಣ್ಣ ಆ ನೀಲಿಗೆ ಕೈಮುಗಿದ.

“ಹೊರಟುಬಿಡಿ ಸ್ವಾಮಿ,” ಎಂದ. “ಕರಿ ಎಳ್ಳು ಒಂದು ಚಿಟಿಕೆ ಕಟ್ಟಿಕೊಡ್ತೀನಿ.”

ಇನ್ನು ಉಳಿದದ್ದು ಸುಂದರಮ್ಮ. ಮನೆಗೆ ಕರೆಸಿ ವಿಷಯ ಹೇಳಿದ್ದಕ್ಕೆ ಮೊದಲು ಸಿಡಿದಳು. “ಚೆನ್ನಾಗಿದೆ ಕಣಪ್ಪ! ಶಂಖ ಮನೇಲಿ, ಗಂಡ ಹಡಗಲ್ಲಿ. ಇನ್ನು ನಾನು ವಾಟ್ಸಾಪಲ್ಲಿ ಅಳ್ತೀನಿ ಬಿಡು!” ಎಂದಳು. ವಿಶಾಖಾ ನಕ್ಷೆ ತೋರಿಸಿದಳು. ಮುದುಕಿ ಫೋನನ್ನು ಕೈಯಲ್ಲಿ ಹಿಡಿದು, ಮೊಮ್ಮಗಳ ಬೆರಳು ಹೋದ ದಾರಿಯಲ್ಲೇ ತನ್ನ ಬೆರಳನ್ನೂ ಎಳೆದಳು. ಬೆರಳು ನೀರಿನ ಮೇಲೆ ಬಂದು ನಿಂತಿತು. ಅವಳು ಗೋಡೆಯ ಫೋಟೊದ ಕಡೆ ತಿರುಗಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡಳು.

“ಅಂಜಿನಿಗೆ ನಾನು ಸುಮ್ನೆ ಅಂದೆ ಕಣೋ, ಹಾರಾಟ ಅಂತ,” ಎಂದಳು. “ಹೊಟ್ಟೆಕಿಚ್ಚು. ನನ್ನನ್ಯಾರು ಕೇಳಿದ್ರು, ಎಲ್ಲಿಗೆ ಹೋಗ್ಬೇಕು ಅಂತ.”

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಎಡೆ ನಾನು ಇಡ್ತೀನಿ. ಮನೆ ಮಗಳು ಇಟ್ರೆ ಆಗುತ್ತೋ ಇಲ್ವೋ, ಶೀನಣ್ಣನ್ನ ಕೇಳಿ.”

“ಆಗುತ್ತೆ ಅಂದ್ರು ಅಕ್ಕ. ಅವರು ಹೇಳಿದ್ದೇ ನಿನ್ನನ್ನ ಮನಸ್ಸಲ್ಲಿ ಇಟ್ಕೊಂಡು ಅನ್ನಿಸುತ್ತೆ,” ಎಂದ ಮುನಿರಾಮಪ್ಪ.

“ಸೀರೆ, ಬಳೆ, ಅರಿಶಿನ ಕುಂಕುಮ ಎಲ್ಲ ನಾನೇ ತರ್ತೀನಿ, ಹಸಿರು ಸೀರೆನೇ. ವಿಶ್ವೇಶ್ವರಪುರದಿಂದ ಅವಳಿಗೆ ಇಷ್ಟ ಅಂತ ಒಬ್ಬಟ್ಟು ತರಿಸ್ತೀನಿ. ಮುದ್ದೆ, ಸೊಪ್ಪಿನ ಸಾರು ನಾನೇ ಮಾಡ್ತೀನಿ. ನನ್ನ ಸಾರಿಗೆ ಉಪ್ಪು ಜಾಸ್ತಿ ಅಂತಿದ್ಲು.” ಸುಂದರಮ್ಮ ಅಡುಗೆಮನೆಯ ಕಡೆ ನೋಡಿದಳು. “ಈ ಸಲ ಕಮ್ಮಿ ಹಾಕ್ತೀನಿ.”

ಮಂಗಳವಾರ ಬಂತು. ಬೆಳಿಗ್ಗೆಯೇ ಪೆಟ್ಟಿಗೆಗಳು ಹಜಾರದಲ್ಲಿ ಸಾಲಾಗಿ ನಿಂತಿದ್ದವು. ಮುತ್ತುರಾಜ್ ಮೂರನೆಯ ಸಲ ಪಾಸ್‌ಪೋರ್ಟ್ ಎಣಿಸುತ್ತಿದ್ದ. ಜಯಶೀಲಾ ಚಟ್ನಿಪುಡಿಯ ಡಬ್ಬಿಗೆ ಟೇಪು ಸುತ್ತುತ್ತಿದ್ದಳು. ಸುಂದರಮ್ಮ ಹಿಂದಿನ ದಿನವೇ ಬಂದು ಅಡುಗೆಮನೆಯನ್ನು ತನ್ನ ಕೈಗೆ ತೆಗೆದುಕೊಂಡಿದ್ದಳು. ಯಾವ ಪಾತ್ರೆ ಎಲ್ಲಿದೆ ಎಂದು ಕೇಳಿ ಕೇಳಿ ಎಲ್ಲರನ್ನೂ ಗೋಳು ಹೊಯ್ದುಕೊಳ್ಳುತ್ತಿದ್ದಳು. ಮುನಿರಾಮಪ್ಪ ಸ್ನಾನ ಮಾಡಿ, ಒದ್ದೆ ಟವೆಲಿನಲ್ಲೇ ದೇವರ ಮುಂದೆ ಬಂದು ದೀಪ ಹಚ್ಚಿದ. ಊದುಬತ್ತಿ ಬೆಳಗಿ, ಮಂಡಿ ನೋವನ್ನೂ ಲೆಕ್ಕಿಸದೆ ನೆಲದ ಮೇಲೆ ಕುಳಿತು ಕಣ್ಣು ಮುಚ್ಚಿದ.

“ವೆಂಕಟರಮಣ, ತಂದೆ. ನನ್ನ ಡ್ಯೂಟಿಯ ದಿನಗಳಲ್ಲಿ ನಾನು ಯಾವಾಗ ಬರ್ತೀನೋ ಅಂತ ಅವಳು ಬಾಗಿಲು ನೋಡ್ತಾ ಕೂತಳು. ಬಿಸಿ ಅನ್ನ ಆರಿಹೋಗೋ ತನಕ ಕಾದಳು. ಒಂದು ದಿನವೂ ನನಗಿಂತ ಮುಂಚೆ ಉಣ್ಣಲಿಲ್ಲ. ಇನ್ನು ಅವಳಿಗೆ ಕಾಯೋ ಕೆಲಸ ಬೇಡ ಸ್ವಾಮಿ. ಅವಳ ದಣಿವು ಕಳೆಯಲಿ, ಹಸಿವು ತೀರಲಿ. ನಾವು ಕೊಡೋ ನೀರು ಅವಳನ್ನು ಮುಟ್ಟಲಿ. ತಿಳಿದೋ ತಿಳಿಯದೆಯೋ ಅವಳಿಂದ ಏನಾದರೂ ತಪ್ಪಾಗಿದ್ದರೆ ಅದನ್ನು ನನ್ನ ಮೇಲೆ ಹಾಕು. ಅವಳನ್ನು ನಿನ್ನ ಪಾದದ ಹತ್ತಿರ, ತಣ್ಣಗಿರೋ ಕಡೆ ಕೂರಿಸ್ಕೋ. ಅಂಜಿನಮ್ಮನ ಜೀವಕ್ಕೆ ನೆಮ್ಮದಿ ಕೊಡು, ತಂದೆ. ನೆಮ್ಮದಿ ಕೊಡು.”